ಶೋಕದ ಅಧಿಕಾರ: ಆಧುನಿಕ ಚೀನೀ ನಗರಗಳಲ್ಲಿ ಪ್ರಭುತ್ವ ಮತ್ತು ಅಂತ್ಯವಿಧಿ

1

ಸಾವಿನ ಆಚರಣೆಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತ ಬೆಳೆದುಬಂದಿವೆ. ಸತ್ತವರ ಬಗ್ಗೆ ಒಂದು ಸಮಾಜ ಏನನ್ನು ನಂಬುತ್ತದೆ ಎಂಬುದು ಮೊದಲನೆಯದು. ಆ ನಂಬಿಕೆ ಯಾವ ಕ್ರಿಯೆಗಳ ಮೂಲಕ ಪ್ರಕಟಗೊಳ್ಳುತ್ತದೆ ಎಂಬುದು ಎರಡನೆಯದು. ಆಧುನಿಕ ಚೀನಾದ ನಗರಗಳನ್ನು ಕುರಿತು ಯೋಚಿಸುವಾಗ ಇವೆರಡರ ಜೊತೆಗೆ ಮೂರನೆಯದೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳುವುದು ಅನಿವಾರ್ಯವಾಗುತ್ತದೆ. ಸತ್ತವರ ಪರವಾಗಿ ಸಾರ್ವಜನಿಕವಾಗಿ ಮಾತನಾಡುವ ಅಧಿಕಾರ ಯಾರದು? ಮಗನದೇ, ಉದ್ಯೋಗದಾತ ಸಂಸ್ಥೆಯದೇ, ಪ್ರಭುತ್ವದ್ದೇ, ಅಥವಾ ಹಣ ಪಡೆದು ಸೇವೆ ಒದಗಿಸುವ ಮಾರುಕಟ್ಟೆಯದೇ?

ಚೀನಾದ ಅಂತ್ಯವಿಧಿಗಳ ಆಧುನಿಕ ಚರಿತ್ರೆಯನ್ನು ಹೇಳುವಾಗ ಒಂದು ಸರಳ ಕಥನ ರೂಢಿಯಲ್ಲಿದೆ. 1949ರ ನಂತರ ಕಮ್ಯುನಿಸ್ಟ್ ಪ್ರಭುತ್ವವು ಹಳೆಯ ಆಚರಣೆಗಳನ್ನು ಅದುಮಿತು. 1978ರ ಆರ್ಥಿಕ ಸುಧಾರಣೆಗಳ ನಂತರ ಅವು ಮರಳಿ ಬಂದವು ಎಂಬುದು ಆ ಕಥನ. ಗ್ರಾಮೀಣ ಪ್ರದೇಶಗಳ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ನಗರಗಳಿಗೆ ಇದನ್ನು ಅನ್ವಯಿಸಿದಾಗ ಮಾತ್ರ ಮುಖ್ಯವಾದುದೊಂದು ಕೈತಪ್ಪಿಹೋಗುತ್ತದೆ. ನಗರದಲ್ಲಿ ಪ್ರಭುತ್ವವು ಹಳೆಯ ವಿಧಿಯನ್ನು ನಿಷೇಧಿಸಿದ್ದಷ್ಟೇ ಅಲ್ಲ, ತಾನೇ ಒಂದು ವಿಧಿಯನ್ನು ಕಟ್ಟಿಕೊಟ್ಟಿತು. ಆ ವಿಧಿಯ ಕರ್ತೃಸ್ಥಾನದಲ್ಲಿ ತಾನೇ ನಿಂತಿತು. ಮಾರುಕಟ್ಟೆ ಬಂದ ಮೇಲೂ ಆ ಸ್ಥಾನ ಕುಟುಂಬಕ್ಕೆ ಪೂರ್ಣವಾಗಿ ಮರಳಲಿಲ್ಲ. ಈ ನಿಲುವನ್ನು ಮೂರು ಪ್ರಮುಖ ಅಧ್ಯಯನಗಳ ಹಾಗೂ ಮೂವರು ಚೀನೀ ಲೇಖಕರ ಸಾವಿಗೆ ಸಂಬಂಧಿಸಿದ ದಾಖಲೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಜೇಮ್ಸ್ ಎಲ್. ವಾಟ್ಸನ್ ಮತ್ತು ಎವೆಲಿನ್ ರಾಸ್ಕಿ ಅವರು ಸಂಪಾದಿಸಿ 1988ರಲ್ಲಿ ಪ್ರಕಟಿಸಿದ ‘ಡೆತ್ ರಿಚುಯಲ್ ಇನ್ ಲೇಟ್ ಇಂಪೀರಿಯಲ್ ಅಂಡ್ ಮಾಡರ್ನ್ ಚೈನಾ’ ಎಂಬ ಪ್ರಬಂಧ ಸಂಕಲನವು ಈ ಕ್ಷೇತ್ರದ ಮೂಲಗ್ರಂಥಗಳಲ್ಲಿ ಒಂದೆನಿಸಿದೆ. ಬಹಿರಂಗ ರೋದನ, ಬಿಳಿಯ ಶೋಕವಸ್ತ್ರ, ಶವಸ್ನಾನ, ಸತ್ತವರಿಗೆ ಅನ್ನ ಮತ್ತು ಕಾಗದದ ಹಣದ ಅರ್ಪಣೆ, ಹೆಸರು ಬರೆದ ಆತ್ಮಫಲಕದ ಸ್ಥಾಪನೆ, ದಕ್ಷಿಣೆ ಪಡೆಯುವ ಪುರೋಹಿತರ ನೇಮಕ, ವಾದ್ಯಸೇವೆ, ಶವಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚುವುದು, ಅದನ್ನು ಸಮುದಾಯದ ವಾಸಸ್ಥಳದಿಂದ ಹೊರಗೆ ಸಾಗಿಸುವುದು ಎಂಬ ಒಂಬತ್ತು ಕ್ರಿಯೆಗಳನ್ನು ವಾಟ್ಸನ್ ಗುರುತಿಸುತ್ತಾರೆ. ಚೀನೀಯರನ್ನು ಒಂದುಗೂಡಿಸಿದ್ದು ಸಮಾನ ನಂಬಿಕೆಯಲ್ಲ, ಸಮಾನ ಕ್ರಿಯಾವಿಧಿ ಎಂಬುದು ಅವರ ವಾದ. ನಂಬಿಕೆಯನ್ನು ಹೀಗೆ ಬದಿಗಿಡಲಾಗದು ಎಂಬ ರಾಸ್ಕಿ ಅವರ ಆಕ್ಷೇಪವೂ ಅದೇ ಸಂಪುಟದಲ್ಲಿದೆ. ಈ ವಾಗ್ವಾದ ಇಂದಿಗೂ ಮುಗಿದಿಲ್ಲ.

ನಮ್ಮ ಪ್ರಶ್ನೆಗೆ ಹೆಚ್ಚು ಉಪಯುಕ್ತವಾದದ್ದು ವಾಟ್ಸನ್ ಮಾಡುವ ಇನ್ನೊಂದು ವಿಂಗಡಣೆ. ಶವವು ಊರ ಹೊರಗೆ ಹೋಗುವವರೆಗಿನ ವಿಧಿಗಳು ಸಾಮ್ರಾಜ್ಯದ ಉದ್ದಗಲಕ್ಕೂ ಹೆಚ್ಚು ಕಡಿಮೆ ಏಕರೂಪವಾಗಿದ್ದವು. ಶವದ ವಿಲೇವಾರಿಯ ಕ್ರಮ ಮಾತ್ರ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿತ್ತು. ದಕ್ಷಿಣದ ಕೆಲವೆಡೆ ಕೆಲವು ವರ್ಷಗಳ ನಂತರ ಅಸ್ಥಿಯನ್ನು ಹೊರತೆಗೆದು ಮತ್ತೆ ಹೂಳುವ ಪದ್ಧತಿಯೂ ಇತ್ತು. ಆಧುನಿಕ ಪ್ರಭುತ್ವವು ಈ ಸಂಬಂಧವನ್ನು ತಲೆಕೆಳಗು ಮಾಡಿತು ಎಂಬುದನ್ನು ಇಲ್ಲಿ ಗಮನಿಸಬೇಕು. ಹಿಂದೆ ಸ್ಥಳೀಯ ರೂಢಿಗೆ ಬಹುಪಾಲು ಬಿಟ್ಟಿದ್ದ ವಿಲೇವಾರಿಯನ್ನೇ ಅದು ಮೊದಲು ತನ್ನ ಕೈಗೆ ತೆಗೆದುಕೊಂಡಿತು. ದೇಹದ ಮೇಲಿನ ಅಧಿಕಾರ ಕೈಸೇರಿದ ಮೇಲೆ ವಿಧಿಯ ಸ್ಥಳ, ವಿಧಿಯ ಕಾಲ, ವಿಧಿಯಲ್ಲಿ ಆಡಬೇಕಾದ ಮಾತು ಇವೆಲ್ಲವೂ ಒಂದರ ಹಿಂದೆ ಒಂದರಂತೆ ಅದರ ಅಧೀನಕ್ಕೆ ಬಂದವು.

ದಹನವೂ ಹೂಳುವಿಕೆಯೂ ಸಮುದಾಯಗಳ ರೂಢಿಯಾಗಿ ಜೊತೆಜೊತೆಗೇ ಇರುವ ಕನ್ನಡ ನಾಡಿನ ಓದುಗರಿಗೆ ಚೀನಾದಲ್ಲಿ ದಹನ ಇಷ್ಟು ದೊಡ್ಡ ವಿವಾದವಾದದ್ದೇಕೆ ಎಂಬುದು ಸುಲಭವಾಗಿ ತಿಳಿಯಲಾರದು. ಬೌದ್ಧಧರ್ಮದ ಪ್ರಭಾವದಿಂದ ಸುಂಗ್ ರಾಜವಂಶದ ಕಾಲದಲ್ಲಿ, ಎಂದರೆ 960ರಿಂದ 1279ರವರೆಗಿನ ಅವಧಿಯಲ್ಲಿ, ದಹನವು ಚೀನಾದಲ್ಲಿ ಸಾಕಷ್ಟು ಹರಡಿತ್ತು. ಆದರೆ ತಂದೆತಾಯಿ ಕೊಟ್ಟ ದೇಹವನ್ನು ಕೆಡಿಸಬಾರದೆಂಬ ಕನ್ಫ್ಯೂಷಿಯನ್ ನೀತಿಗೆ ಅದು ವಿರುದ್ಧವಾಗಿತ್ತು. ಮುಂದಿನ ಮಿಂಗ್ ಮತ್ತು ಚಿಂಗ್ ಕಾಲದ ಕಾನೂನುಗಳು ದಹನವನ್ನು ಅಪರಾಧವೆಂದು ಪರಿಗಣಿಸಿದವು. ಹೀಗೆ ಇಪ್ಪತ್ತನೆಯ ಶತಮಾನದ ವೇಳೆಗೆ ಹೆತ್ತವರನ್ನು ಸುಡುವುದೆಂದರೆ ಪುತ್ರಧರ್ಮದ ಉಲ್ಲಂಘನೆ ಎಂಬ ಭಾವನೆ ಗಟ್ಟಿಗೊಂಡಿತ್ತು. ಪ್ರಭುತ್ವ ಆಜ್ಞಾಪಿಸಿದ ದಹನವು ಸಂಸ್ಕಾರವಾಗಿ ಬರಲಿಲ್ಲ, ಆಡಳಿತಕ್ರಮವಾಗಿ ಬಂತು.

3

ನಗರದಲ್ಲಿ ಸತ್ತವರ ಮೇಲಿನ ಹಕ್ಕಿನ ವಿವಾದ 1949ರಲ್ಲಿ ಆರಂಭವಾದುದಲ್ಲ. ವಲಸಿಗರ ನಗರವಾಗಿದ್ದ ಶಾಂಘೈಯಲ್ಲಿ ಊರುಬಾಂಧವರ ಸಂಘಗಳು ಶವಪೆಟ್ಟಿಗೆಗಳನ್ನು ಕಾಪಿಟ್ಟು ಹುಟ್ಟೂರಿಗೆ ಕಳುಹಿಸುವ ಹೊಣೆ ಹೊತ್ತಿದ್ದವು. ನಿಂಗ್ಬೋ ಊರಿನವರ ಸಂಘದ ಶ್ಮಶಾನಭೂಮಿಯ ಮೇಲೆ ಫ್ರೆಂಚ್ ವಸಾಹತಿನ ಆಡಳಿತ ಕೈಹಾಕಿದಾಗ 1874ರಲ್ಲಿ ಒಮ್ಮೆ, 1898ರಲ್ಲಿ ಮತ್ತೊಮ್ಮೆ ಗಲಭೆಗಳಾಗಿ ರಕ್ತಪಾತವಾಯಿತು. ನಗರದ ಆಡಳಿತಕ್ಕೆ ಸತ್ತವರು ನೈರ್ಮಲ್ಯದ ಮತ್ತು ಜಮೀನಿನ ಸಮಸ್ಯೆಯಾಗಿ ಕಂಡದ್ದು ಅಂದಿನಿಂದಲೇ.

ಇದೇ ಶಾಂಘೈಯಲ್ಲಿ 1936ರ ಅಕ್ಟೋಬರ್ 19ರಂದು ಲೂ ಶುನ್ ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಹಿಂದೆ ಬರೆದ ‘ಸಾವು’ ಎಂಬ ಪ್ರಬಂಧದಲ್ಲಿ ಅವರು ತಮ್ಮ ಅಂತ್ಯಕ್ರಿಯೆ ಬೇಗ ಮುಗಿಯಬೇಕು, ಸ್ಮರಣೋತ್ಸವಗಳು ಕೂಡದು ಎಂಬರ್ಥದ ಸೂಚನೆಗಳನ್ನು ಪಟ್ಟಿಮಾಡಿದ್ದರು. ಆದದ್ದು ಬೇರೆಯೇ. ಸಾವಿರಾರು ಜನ ಸೇರಿದರು. ಶವಪೆಟ್ಟಿಗೆಯ ಮೇಲೆ ‘ರಾಷ್ಟ್ರದ ಆತ್ಮ’ ಎಂದು ಬರೆದ ಬಟ್ಟೆಯನ್ನು ಹೊದಿಸಲಾಯಿತು. ಅದಕ್ಕೆ ಹೆಗಲು ಕೊಟ್ಟ ತರುಣ ಲೇಖಕರಲ್ಲಿ ಬಾ ಜಿನ್ ಒಬ್ಬರಾಗಿದ್ದರು. 1956ರಲ್ಲಿ ಹೊಸ ಪ್ರಭುತ್ವವು ಆ ಸಮಾಧಿಯನ್ನು ಹೊಂಗ್‌ಕೌ ಉದ್ಯಾನಕ್ಕೆ ವರ್ಗಾಯಿಸಿತು. ಲೇಖಕನೊಬ್ಬನ ಸಾವು ಮೊದಲು ಜನತೆಯ ರಾಜಕೀಯದ, ಅನಂತರ ರಾಷ್ಟ್ರದ ಸ್ವತ್ತಾದ ಬಗೆಗೆ ಇದು ನಿದರ್ಶನ. ಸತ್ತವನ ಇಚ್ಛೆಗೂ ಬದುಕಿದವರ ವಿಧಿಗೂ ನಡುವಿನ ಅಂತರವು ಇಲ್ಲಿಯೇ ಕಾಣಿಸಿಕೊಳ್ಳುತ್ತದೆ.

4

ಪ್ರಭುತ್ವ ಕಟ್ಟಿಕೊಟ್ಟ ವಿಧಿಯೆಂದರೆ ಸ್ಮರಣಸಭೆ. ಅದರ ಸೈದ್ಧಾಂತಿಕ ಮೂಲವನ್ನು ಮಾವೋ ತ್ಸೆತುಂಗ್ 1944ರ ಸೆಪ್ಟೆಂಬರ್ 8ರಂದು ಯೆನಾನ್‌ನಲ್ಲಿ ಮಾಡಿದ ಭಾಷಣದಲ್ಲಿ ಕಾಣಬಹುದು. ಇದ್ದಿಲಿನ ಗೂಡು ಕುಸಿದು ಸತ್ತ ಜಾಂಗ್ ಸಿಡೆ ಎಂಬ ಸಾಮಾನ್ಯ ಸೈನಿಕನ ನೆನಪಿನ ಸಭೆ ಅದು. ಉಪಯುಕ್ತ ಕೆಲಸ ಮಾಡಿದವನು ಅಡುಗೆಯವನಾಗಿರಲಿ, ಸಿಪಾಯಿಯಾಗಿರಲಿ, ಅವನಿಗೆ ಇಂಥ ಸಭೆ ಸಲ್ಲಬೇಕು, ಇದೊಂದು ಪದ್ಧತಿಯಾಗಬೇಕು ಎಂಬುದು ಅವರ ಆಶಯವಾಗಿತ್ತು.

ಮುಂದೆ 1956ರ ಏಪ್ರಿಲ್ 27ರಂದು ಮಾವೋ ಮೊದಲಾದ ನಾಯಕರು ತಮ್ಮ ದೇಹಗಳನ್ನು ದಹಿಸಬೇಕೆಂಬ ಸಂಕಲ್ಪಪತ್ರಕ್ಕೆ ಸಹಿ ಹಾಕಿದರು. ಅದರಲ್ಲಿ ಒಟ್ಟು 151 ಸಹಿಗಳು ಕೂಡಿದವು. ಚೌ ಎನ್‌ಲಾಯ್ ಅವರ ಬೂದಿಯನ್ನು 1976ರಲ್ಲಿ ಚೆಲ್ಲಲಾಯಿತು; ಡೆಂಗ್ ಷಿಯಾವೋಪಿಂಗ್ ಅವರದನ್ನು 1997ರಲ್ಲಿ ಸಮುದ್ರಕ್ಕೆ ಅರ್ಪಿಸಲಾಯಿತು. ಆ ಪತ್ರಕ್ಕೆ ಮೊದಲ ಸಹಿ ಹಾಕಿದ ಮಾವೋ ಅವರ ದೇಹವನ್ನು ಮಾತ್ರ ಬೀಜಿಂಗ್‌ನ ತಿಯೆನಾನ್‌ಮೆನ್ ಚೌಕದ ಸ್ಮಾರಕಭವನದಲ್ಲಿ ಕೆಡದಂತೆ ಇರಿಸಲಾಗಿದೆ. ಇದನ್ನು ವಿಪರ್ಯಾಸವೆಂದಷ್ಟೇ ಓದುವುದು ಸಾಲದು. ನಾಯಕನ ದೇಹವೂ ಸಹ ಅವನ ಇಚ್ಛೆಗೆ ಸೇರಿದ್ದಲ್ಲ, ಪ್ರಭುತ್ವದ ಅಗತ್ಯಕ್ಕೆ ಸೇರಿದ್ದು ಎಂಬ ನಿಯಮವೇ ಇಲ್ಲಿಯೂ ಪಾಲನೆಯಾಗಿದೆ.

ಸ್ಮರಣಸಭೆಯ ರೂಪ ಸರಳವಾದುದು. ತೋಳಿಗೆ ಕಪ್ಪು ಪಟ್ಟಿ, ಎದೆಗೆ ಬಿಳಿಯ ಕಾಗದದ ಹೂವು, ಪುಷ್ಪಚಕ್ರಗಳು, ಶೋಕವಾದ್ಯ, ಮೌನ. ನೆಲಕ್ಕೆ ಹಣೆ ಮುಟ್ಟಿಸುವ ಹಳೆಯ ಪ್ರಣಾಮಕ್ಕೆ ಬದಲಾಗಿ ಮೂರು ಬಾರಿ ತಲೆಬಾಗುವುದು. ಉದ್ಯೋಗಘಟಕದ ಮುಖ್ಯಸ್ಥ ಚರಮನುಡಿಯನ್ನು ಓದುತ್ತಾನೆ. ಕುಟುಂಬದ ಪರವಾಗಿ ಒಬ್ಬರು ಕೃತಜ್ಞತೆ ಸಲ್ಲಿಸುತ್ತಾರೆ. ಬಂದವರು ಶವದ ಸುತ್ತ ಒಂದು ಸುತ್ತು ಬಂದು ಹೊರಡುತ್ತಾರೆ. ಇವುಗಳಲ್ಲಿ ಕೇಂದ್ರವಾದುದು ಚರಮನುಡಿ. ಹುಟ್ಟಿದ ವರ್ಷ, ಕೆಲಸಕ್ಕೆ ಸೇರಿದ ವರ್ಷ, ವಹಿಸಿದ ಹುದ್ದೆಗಳು, ನಿವೃತ್ತಿ, ಸಮಾಜಕ್ಕೆ ಸಲ್ಲಿಸಿದ ಸೇವೆ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಹಳೆಯ ವಿಧಿಯಲ್ಲಿ ಸತ್ತವನು ಪಿತೃವಾಗುತ್ತಿದ್ದ; ಇಲ್ಲಿ ಅವನು ಒಂದು ಸೇವಾದಾಖಲೆಯಾಗುತ್ತಾನೆ.

ಇದನ್ನು ಬರಿಯ ದಮನವೆಂದು ತೀರ್ಮಾನಿಸುವುದು ನ್ಯಾಯವಾಗಲಾರದು. ಪಿತೃಪ್ರಧಾನವಾದ ಹಳೆಯ ವ್ಯವಸ್ಥೆಯಲ್ಲಿ ಗಂಡುಸಂತಾನವಿಲ್ಲದವರಿಗೆ, ಮದುವೆಯಾಗದೆ ಸತ್ತವರಿಗೆ, ಮಕ್ಕಳಿಗೆ ಪೂರ್ಣವಿಧಿ ದಕ್ಕುತ್ತಿರಲಿಲ್ಲ. ಶವಸಂಸ್ಕಾರದ ವೆಚ್ಚವು ಬಡವರನ್ನು ಸಾಲಕ್ಕೆ ನೂಕುತ್ತಿತ್ತು. ಉಳುವ ನೆಲದ ಕೊರತೆಯೂ ನಿಜವಾದುದೇ. ಕಾರ್ಖಾನೆಯ ಒಬ್ಬಂಟಿ ಕೆಲಸಗಾರಳ ಹೆಸರನ್ನು ಸಹೋದ್ಯೋಗಿಗಳೆಲ್ಲರ ಎದುರಿನಲ್ಲಿ ಗೌರವದಿಂದ ಉಚ್ಚರಿಸುವ ವಿಧಿಯೊಂದನ್ನು ಪ್ರಭುತ್ವ ನೀಡಿದ್ದು ಸಣ್ಣ ಸಂಗತಿಯಲ್ಲ. 1988ರ ಸಂಕಲನದಲ್ಲಿ ಮಾರ್ಟಿನ್ ವೈಟ್ ಅವರು ಹಳ್ಳಿಗಳಿಗಿಂತ ನಗರಗಳಲ್ಲಿ ಬದಲಾವಣೆ ಆಳವಾಗಿ ನಡೆದುದನ್ನು ವಿವರಿಸುತ್ತಾರೆ. ಮನೆ, ಸಂಬಳ, ಚಿಕಿತ್ಸೆ ಎಲ್ಲವನ್ನೂ ಒದಗಿಸುತ್ತಿದ್ದ ಉದ್ಯೋಗಘಟಕವೇ ಸಾವಿನ ಹೊಣೆಯನ್ನೂ ಹೊತ್ತಿತ್ತು ಎಂಬುದು ಅದರ ಹಿಂದಿನ ಕಾರಣ. ಆದರೆ ಗೌರವ ಕೊಡುವ ಅಧಿಕಾರವುಳ್ಳವನಿಗೆ ಅದನ್ನು ತಡೆಹಿಡಿಯುವ ಅಧಿಕಾರವೂ ಇರುತ್ತದೆ. ಈ ಎರಡನೆಯ ಅಂಶದ ಕಡೆಗೆ ವೈಟ್ ಅವರ ಸಮಾಜಶಾಸ್ತ್ರೀಯ ವಿವರಣೆ ಸಾಕಷ್ಟು ಗಮನ ಕೊಡುವುದಿಲ್ಲ. ಅದನ್ನು ತಿಳಿಯಲು ಲೇಖಕರ ಬದುಕಿನ ಕಡೆಗೆ ತಿರುಗಬೇಕಾಗುತ್ತದೆ.

5

ಸಾಂಸ್ಕೃತಿಕ ಕ್ರಾಂತಿಯ ಆರಂಭದಲ್ಲಿ, 1966ರ ಆಗಸ್ಟ್ 24ರಂದು, ಕಾದಂಬರಿಕಾರ ಲಾವೋ ಷೆ ಬೀಜಿಂಗ್‌ನ ತಾಯ್‌ಪಿಂಗ್ ಸರೋವರದಲ್ಲಿ ಪ್ರಾಣ ಬಿಟ್ಟರು. ಅದರ ಹಿಂದಿನ ದಿನ ಅವರನ್ನು ಸಾರ್ವಜನಿಕವಾಗಿ ಹೊಡೆದು ಅವಮಾನಿಸಲಾಗಿತ್ತು. ಅವರ ದೇಹವನ್ನು ದಹಿಸಲಾಯಿತಾದರೂ ಬೂದಿಯನ್ನು ಉಳಿಸಿಕೊಳ್ಳುವ ಅವಕಾಶ ಕುಟುಂಬಕ್ಕೆ ಸಿಗಲಿಲ್ಲ. 1978ರ ಜೂನ್‌ನಲ್ಲಿ ಅವರ ಗೌರವವನ್ನು ಅಧಿಕೃತವಾಗಿ ಮರಳಿ ನೀಡಿದಾಗ ಬೀಜಿಂಗ್‌ನ ಬಾಬಾವೋಷಾನ್ ಕ್ರಾಂತಿಕಾರಿ ಶ್ಮಶಾನದಲ್ಲಿ ಭಸ್ಮಸ್ಥಾಪನೆಯ ಸಮಾರಂಭ ನಡೆಯಿತು. ಕರಂಡದಲ್ಲಿ ಭಸ್ಮವಿರಲಿಲ್ಲ. ಅದರಲ್ಲಿದ್ದುದು ಅವರ ಕನ್ನಡಕ, ಲೇಖನಿಯಂಥ ವಸ್ತುಗಳು.

ಈ ಘಟನೆಯನ್ನು ಭಾವುಕತೆಯಿಂದ ನೋಡುವ ಬದಲು ಅದರ ತರ್ಕವನ್ನು ಗಮನಿಸಬೇಕು. ದೇಹವಿಲ್ಲದೆಯೂ ವಿಧಿ ನಡೆಯಿತು. ಏಕೆಂದರೆ ಹನ್ನೆರಡು ವರ್ಷಗಳಿಂದ ಬಾಕಿ ಉಳಿದಿದ್ದುದು ದೇಹದ ವಿಲೇವಾರಿಯಲ್ಲ, ಮಾತು. ಸತ್ತವನು ಅಪರಾಧಿಯಲ್ಲ ಎಂದು ಅಧಿಕೃತ ಬಾಯಿಂದ ಹೊರಡಬೇಕಾಗಿದ್ದ ಮಾತು. ಅಪರಾಧಿಯ ಹೆಂಡತಿ, ಅಪರಾಧಿಯ ಮಕ್ಕಳು ಎಂಬ ಹಣೆಪಟ್ಟಿಯೊಂದಿಗೆ ಬದುಕಿದ್ದ ಕುಟುಂಬಗಳಿಗೆ ಆ ಕಾಲದ ಸ್ಮರಣಸಭೆಗಳು ಒಂದು ಬಗೆಯ ನ್ಯಾಯಾಲಯದ ತೀರ್ಪಿನಂತಿದ್ದವು. 1969ರಲ್ಲಿ ಬಂಧನದಲ್ಲಿ ಸತ್ತ ಲಿಯು ಷಾವೋಚಿ ಅವರಿಗೆ ಸ್ಮರಣಸಭೆ ಸಂದದ್ದು 1980ರಲ್ಲಿ.

ಬಾ ಜಿನ್ ಅವರ ಅನುಭವ ಇದರ ಇನ್ನೊಂದು ಮುಖ. ಅವರ ಪತ್ನಿ ಷಿಯಾವೋ ಷಾನ್ 1972ರಲ್ಲಿ ಶಾಂಘೈಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಬಾ ಜಿನ್ ಇನ್ನೂ ಕಳಂಕಿತರ ಪಟ್ಟಿಯಲ್ಲಿದ್ದರು. ಮುಂದೆ ಅವರು ಪತ್ನಿಯನ್ನು ನೆನೆದು ಬರೆದ ಪ್ರಬಂಧವು ಚರಮನುಡಿಯಿಲ್ಲದ, ಹೊರಗಿನ ಅತಿಥಿಗಳಿಲ್ಲದ ಆ ಬೀಳ್ಕೊಡುಗೆಯನ್ನು ದಾಖಲಿಸುತ್ತದೆ. ನಗರದ ಅಂತ್ಯಕ್ರಿಯಾಗೃಹದಲ್ಲಿದ್ದ ಭಸ್ಮದ ಪೆಟ್ಟಿಗೆಯನ್ನು ಮೂರು ವರ್ಷಗಳ ನಂತರ ಮನೆಗೆ ತಂದು ಅವರು ತಮ್ಮ ಮಲಗುವ ಕೋಣೆಯಲ್ಲಿ ಇರಿಸಿಕೊಂಡರು. 2005ರಲ್ಲಿ ಅವರೂ ತೀರಿಕೊಂಡ ಮೇಲೆ ಇಬ್ಬರ ಭಸ್ಮವನ್ನೂ ಕೂಡಿಸಿ ಸಮುದ್ರದಲ್ಲಿ ಚೆಲ್ಲಲಾಯಿತು. ಪತ್ನಿಗೆ ಸಲ್ಲದೆಹೋದ ಚರಮನುಡಿಯನ್ನು ಅವರು ಪ್ರಬಂಧವಾಗಿ ಬರೆದರು ಎನ್ನಬಹುದು. ಸಭೆಯಲ್ಲಿ ಆಡಲಾಗದ ಮಾತು ಸಾಹಿತ್ಯಕ್ಕೆ ಬಂದು ಸೇರಿದ ಈ ಸಂದರ್ಭವನ್ನು ಅಂತ್ಯವಿಧಿಗಳ ಅಧ್ಯಯನವು ತನ್ನ ಸಾಮಗ್ರಿಯಾಗಿ ಸ್ವೀಕರಿಸಬೇಕಾಗಿದೆ.

ಶೋಕದ ಅಧಿಕಾರವನ್ನು ಜನ ಎಂದೂ ಪೂರ್ತಿಯಾಗಿ ಒಪ್ಪಿಸಿಕೊಡಲಿಲ್ಲ ಎಂಬುದಕ್ಕೆ 1976ರ ವಸಂತಕಾಲ ಸಾಕ್ಷಿ. ಚೌ ಎನ್‌ಲಾಯ್ ಅವರಿಗೆ ಸಂದ ಅಧಿಕೃತ ಗೌರವ ಸಾಲದೆಂದು ಭಾವಿಸಿದ ಬೀಜಿಂಗ್‌ನ ಜನರು ಸಮಾಧಿಗಳನ್ನು ಗುಡಿಸುವ ಚಿಂಗ್‌ಮಿಂಗ್ ಹಬ್ಬದ ಸಮಯದಲ್ಲಿ ತಿಯೆನಾನ್‌ಮೆನ್ ಚೌಕದ ಸ್ತಂಭದ ಬಳಿ ಪುಷ್ಪಚಕ್ರಗಳನ್ನೂ ಕವಿತೆಗಳನ್ನೂ ಇರಿಸಿದರು. ಏಪ್ರಿಲ್ 4ರ ರಾತ್ರಿ ಅವುಗಳನ್ನು ತೆರವುಗೊಳಿಸಿದ್ದು ಮರುದಿನದ ಪ್ರತಿಭಟನೆಗೆ ಕಾರಣವಾಯಿತು. 1989ರಲ್ಲಿ ಹೂ ಯಾವೋಬಾಂಗ್ ಅವರ ಸಾವಿನ ಶೋಕವೂ ಅದೇ ಚೌಕದಲ್ಲಿ ಚಳವಳಿಯಾಗಿ ಬೆಳೆಯಿತು. ಪ್ರಭುತ್ವವು ಶೋಕವನ್ನು ಇಷ್ಟು ಜಾಗರೂಕತೆಯಿಂದ ಕಾಯುವುದರ ಹಿಂದೆ ಈ ನೆನಪುಗಳಿವೆ.

6

1985ರ ತಾತ್ಕಾಲಿಕ ನಿಯಮಗಳು, ಅನಂತರ 1997ರ ಜುಲೈ ತಿಂಗಳಲ್ಲಿ ಹೊರಬಂದ ಅಂತ್ಯಕ್ರಿಯಾ ನಿರ್ವಹಣಾ ನಿಯಮಾವಳಿ, ಈ ಕ್ಷೇತ್ರಕ್ಕೆ ಶಾಸನದ ರೂಪ ಕೊಟ್ಟವು. ಹಂತಹಂತವಾಗಿ ದಹನವನ್ನು ಜಾರಿಗೆ ತರುವುದು, ಶ್ಮಶಾನಭೂಮಿಯ ಉಳಿತಾಯ, ಕೆಟ್ಟ ರೂಢಿಗಳ ನಿರ್ಮೂಲನ, ಮಿತವ್ಯಯ ಇವು 1997ರ ನಿಯಮಾವಳಿಯ ಘೋಷಿತ ಗುರಿಗಳಾಗಿದ್ದವು. ದಹನ ಕಡ್ಡಾಯವಾದ ಪ್ರದೇಶಗಳಲ್ಲಿ ಶವಪೆಟ್ಟಿಗೆಗಳ ಮಾರಾಟವನ್ನೂ, ಮೂಢನಂಬಿಕೆಯ ಸಾಮಗ್ರಿಗಳೆಂದು ಕರೆಯಲಾದ ವಸ್ತುಗಳ ತಯಾರಿಕೆ ಮತ್ತು ಮಾರಾಟವನ್ನೂ ಅದು ನಿಷೇಧಿಸಿತು. ಅಲ್ಪಸಂಖ್ಯಾತ ಜನಾಂಗಗಳ ರೂಢಿಗಳನ್ನು ಗೌರವಿಸಬೇಕೆಂದೂ ಹೇಳಿತು. ಆದೇಶ ಪಾಲಿಸದವರ ಮೇಲೆ ಬಲಪ್ರಯೋಗಕ್ಕೆ ಅವಕಾಶ ನೀಡಿದ್ದ ಮಾತನ್ನು 2012ರ ತಿದ್ದುಪಡಿ ಕೈಬಿಟ್ಟಿತು. ಹಾಗಿದ್ದರೂ 2018ರಲ್ಲಿ ಜಿಯಾಂಗ್‌ಷಿ ಪ್ರಾಂತ್ಯದ ಹಳ್ಳಿಗಳಲ್ಲಿ ವೃದ್ಧರು ತಮಗಾಗಿ ಮಾಡಿಸಿಟ್ಟುಕೊಂಡಿದ್ದ ಶವಪೆಟ್ಟಿಗೆಗಳನ್ನು ಅಧಿಕಾರಿಗಳು ಕಸಿದು ನಾಶಮಾಡಿದ್ದು ದೇಶದಲ್ಲಿಯೇ ಟೀಕೆಗೆ ಗುರಿಯಾಯಿತು. ನಗರದಲ್ಲಿ ರೂಢಿಯಾಗಿ ನೆಲೆಗೊಂಡಿದ್ದ ನಿಯಮವನ್ನು ಹಳ್ಳಿಗೆ ಹೇರಿದಾಗ ಅದರೊಳಗಿನ ಬಲಾತ್ಕಾರ ಬಯಲಾಯಿತು.

ನಗರಗಳಲ್ಲಾದ ಬದಲಾವಣೆ ಬೇರೆ ಬಗೆಯದು. 1990ರ ದಶಕದ ಕೊನೆಯಲ್ಲಿ ಸರ್ಕಾರಿ ಉದ್ದಿಮೆಗಳ ಲಕ್ಷಾಂತರ ಕೆಲಸಗಾರರು ಉದ್ಯೋಗ ಕಳೆದುಕೊಂಡರು. ಉದ್ಯೋಗಘಟಕ ಇಲ್ಲವಾದ ಮೇಲೆ ಚರಮನುಡಿಯನ್ನು ಓದುವವರು ಯಾರು? ಆ ಜಾಗಕ್ಕೆ ಅಂತ್ಯಕ್ರಿಯಾಗೃಹದ ನಿರೂಪಕರು, ಆಸ್ಪತ್ರೆಯಿಂದ ಸಮಾಧಿಯವರೆಗಿನ ಎಲ್ಲ ಏರ್ಪಾಡುಗಳನ್ನೂ ಒಟ್ಟಾಗಿ ವಹಿಸಿಕೊಳ್ಳುವ ಖಾಸಗಿ ಉದ್ಯಮಿಗಳು ಬಂದರು. ಶಾಂಘೈಯ ಫು ಷೌ ಯುವಾನ್ ಎಂಬ ಶ್ಮಶಾನ ಕಂಪನಿಯ ಷೇರುಗಳು 2013ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ವಿನಿಮಯ ಕೇಂದ್ರವನ್ನು ಪ್ರವೇಶಿಸಿದವು. ಸಮಾಧಿಯ ಬೆಲೆ ಏರಿದಂತೆ ಭಸ್ಮವನ್ನು ಇರಿಸುವುದಕ್ಕಾಗಿಯೇ ಜನ ವಸತಿಗೃಹಗಳನ್ನು ಕೊಂಡ ಸಂಗತಿಗಳು ಚೀನೀ ಪತ್ರಿಕೆಗಳಲ್ಲಿ ವರದಿಯಾದವು. ಮಿತವ್ಯಯದ ಹೆಸರಿನಲ್ಲಿ ಹುಟ್ಟಿದ ವ್ಯವಸ್ಥೆಯೊಳಗೆಯೇ ಸಾವು ದುಬಾರಿಯಾಯಿತು.

ಈ ಕಾಲವನ್ನು ಕುರಿತ ಎರಡು ಗ್ರಂಥಗಳು ವಿಶೇಷ ಗಮನಕ್ಕೆ ಅರ್ಹ. ಆಂಡ್ರ್ಯೂ ಕಿಪ್ನಿಸ್ ಅವರ ‘ದಿ ಫ್ಯೂನರಲ್ ಆಫ್ ಮಿಸ್ಟರ್ ವಾಂಗ್’ 2021ರಲ್ಲಿ ಪ್ರಕಟವಾಯಿತು. ಕುಟುಂಬಗಳು ಚಿಕ್ಕದಾಗಿ, ಸಾವು ಮನೆಯಿಂದ ದೂರವಾಗಿ, ನೆರೆಹೊರೆ ಅಪರಿಚಿತರಿಂದ ತುಂಬಿದಂತೆಲ್ಲ ನಗರದಲ್ಲಿ ಭೂತಭಯ ಕುಗ್ಗುವ ಬದಲು ಬೆಳೆಯುತ್ತದೆ ಎಂಬುದು ಅವರ ಗಮನಾರ್ಹ ನಿಲುವು. ಆಧುನಿಕತೆಯು ಅಂಥ ಭಯವನ್ನು ಕರಗಿಸುತ್ತದೆಂಬ ಹಳೆಯ ಗ್ರಹಿಕೆಯನ್ನು ಇದು ಸಮರ್ಥವಾಗಿ ಪ್ರಶ್ನಿಸುತ್ತದೆ. ತನಗೆ ಒಗ್ಗದ ನೆನಪುಗಳನ್ನು ಪಕ್ಷವು ದೂರವಿಡುವುದನ್ನೂ ಅವರು ಇದರ ಜೊತೆಗಿಟ್ಟು ನೋಡುತ್ತಾರೆ. ಹೂವಿ-ಮಿನ್ ಲೂಸಿಯಾ ಲಿಯು ಅವರ ‘ಗವರ್ನಿಂಗ್ ಡೆತ್, ಮೇಕಿಂಗ್ ಪರ್ಸನ್ಸ್’ 2023ರಲ್ಲಿ ಹೊರಬಂತು. ಶಾಂಘೈಯ ಅಂತ್ಯಕ್ರಿಯಾ ವೃತ್ತಿಯ ಒಳಗೆ ನಿಂತು ಬರೆದ ಈ ಕೃತಿಯ ಮುಖ್ಯ ಶೋಧವೆಂದರೆ, ಮಾರುಕಟ್ಟೆ ಬಂದ ಮೇಲೂ ಸಮಾಜವಾದಿ ಸ್ಮರಣಸಭೆ ಉಳಿದುಕೊಂಡಿದೆ. ಧಾರ್ಮಿಕ ಕ್ರಿಯೆಗಳೂ ವೈಯಕ್ತಿಕ ಸೇರ್ಪಡೆಗಳೂ ಅದರ ಚೌಕಟ್ಟಿನೊಳಗೇ ಜಾಗ ಮಾಡಿಕೊಂಡಿವೆ ಎಂಬುದು. ಮಾರುಕಟ್ಟೆಯು ವ್ಯಕ್ತಿಯನ್ನು ತಾನಾಗಿಯೇ ಬಿಡುಗಡೆ ಮಾಡುತ್ತದೆಂಬ ಸಿದ್ಧಾಂತಕ್ಕೆ ಇದು ಗಟ್ಟಿಯಾದ ಉತ್ತರ.

ಹಾಗಿದ್ದೂ ಈ ಉಳಿಕೆಯನ್ನು ಆಳ್ವಿಕೆಯ ತಂತ್ರವಾಗಿ ಮಾತ್ರ ಓದಿದರೆ ಅದರ ಇನ್ನೊಂದು ಕಾರಣ ಮರೆಯಾಗುತ್ತದೆಂಬುದು ನನ್ನ ಅಭಿಪ್ರಾಯ. ಲಾವೋ ಷೆ ಅವರ ಬರಿದಾದ ಕರಂಡವನ್ನು ಕಂಡ ತಲೆಮಾರಿಗೆ ಅಧಿಕೃತ ಚರಮನುಡಿಯು ಬರಿಯ ಔಪಚಾರಿಕತೆಯಾಗಿರಲು ಸಾಧ್ಯವಿಲ್ಲ. ಅದು ಸಿಗದೆಹೋದರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಹೆತ್ತವರ ಸೇವೆಯ ವಿವರಗಳನ್ನು ಸಾರ್ವಜನಿಕವಾಗಿ ಓದಿಸಬೇಕೆಂಬ ಮಕ್ಕಳ ಹಂಬಲದಲ್ಲಿ ವಿಧೇಯತೆ ಎಷ್ಟಿದೆಯೋ ಅಷ್ಟೇ ಪುತ್ರಧರ್ಮವೂ ಇದೆ.

7

2020ರ ಆರಂಭದಲ್ಲಿ ವುಹಾನ್ ನಗರ ಕೋವಿಡ್ ಸೋಂಕಿಗೆ ಸಿಕ್ಕಿದಾಗ ಈ ವ್ಯವಸ್ಥೆ ತನ್ನ ಅತ್ಯಂತ ಸಂಕ್ಷಿಪ್ತ ರೂಪದಲ್ಲಿ ಕಾಣಿಸಿಕೊಂಡಿತು. ಸೋಂಕಿನಿಂದ ಸತ್ತವರನ್ನು ಸಮೀಪದಲ್ಲಿಯೇ ಕೂಡಲೇ ದಹಿಸಬೇಕು, ಬೀಳ್ಕೊಡುಗೆಯ ವಿಧಿಗಳು ಕೂಡದು ಎಂದು ಫೆಬ್ರವರಿ 1ರ ಮಾರ್ಗಸೂಚಿ ಆದೇಶಿಸಿತು. ಸಾಂಕ್ರಾಮಿಕದ ನಡುವೆ ಅಂಥ ಆದೇಶಕ್ಕೆ ವೈದ್ಯಕೀಯ ಕಾರಣವಿತ್ತು. ಮಾರ್ಚ್ ಕೊನೆಯ ವಾರದಲ್ಲಿ ಕುಟುಂಬದವರು ಭಸ್ಮವನ್ನು ಪಡೆಯಲು ಅಂತ್ಯಕ್ರಿಯಾಗೃಹಗಳ ಮುಂದೆ ಸಾಲುಗಟ್ಟಿ ನಿಂತರು. ಏಪ್ರಿಲ್ 4ರ ಚಿಂಗ್‌ಮಿಂಗ್ ದಿನ ಬೆಳಿಗ್ಗೆ ಹತ್ತು ಗಂಟೆಗೆ ಇಡೀ ದೇಶ ಮೂರು ನಿಮಿಷ ಮೌನವಾಗಿ ನಿಂತಿತು. ಹಲವು ದಶಕಗಳ ಕಾಲ ಊಳಿಗಮಾನ್ಯದ ಪಳೆಯುಳಿಕೆ ಎನಿಸಿಕೊಂಡಿದ್ದ ಚಿಂಗ್‌ಮಿಂಗ್ 2008ರಿಂದ ಸಾರ್ವತ್ರಿಕ ರಜಾದಿನವಾಗಿತ್ತು. ಈಗ ರಾಷ್ಟ್ರೀಯ ಶೋಕದಿನವಾಯಿತು. ಸತ್ತ ಎಲ್ಲರಿಗೂ ಒಟ್ಟಾಗಿ ಶೋಕಿಸಿದ ಪ್ರಭುತ್ವ ಅಂದು ಪ್ರಧಾನ ಕರ್ತೃವಾಗಿತ್ತು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕುರಿತ ಮಾತು ಮಾತ್ರ ಬಾಕಿ ಉಳಿಯಿತು. ಆ ಬಾಕಿಯನ್ನು ತೀರಿಸಲು ಯತ್ನಿಸಿದ ಬರಹಗಳಲ್ಲಿ ಲೇಖಕಿ ಫಾಂಗ್ ಫಾಂಗ್ ಅವರ ವುಹಾನ್ ದಿನಚರಿ ಒಂದು. ಅದಕ್ಕಾಗಿ ಅವರು ಎದುರಿಸಿದ ನಿಂದನೆಯ ಪ್ರಮಾಣವೇ ಇಲ್ಲಿ ಪಣಕ್ಕಿದ್ದುದು ಎಷ್ಟು ದೊಡ್ಡದೆಂಬುದನ್ನು ತಿಳಿಸುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಆಧುನಿಕ ಚೀನೀ ನಗರದ ಅಂತ್ಯವಿಧಿಯನ್ನು ಸಂಪ್ರದಾಯ ಮತ್ತು ಆಧುನಿಕತೆಗಳ ಸಂಘರ್ಷವೆಂದು ವಿವರಿಸುವುದು ಸಾಲದು. ಹೂಳುವುದೋ ಸುಡುವುದೋ ಎಂಬ ಪ್ರಶ್ನೆಗೆ ನಗರಗಳು ಬಹುಪಾಲು ಉತ್ತರ ಕಂಡುಕೊಂಡಿವೆ. ಸಮುದ್ರದಲ್ಲಿ ಭಸ್ಮವಿಸರ್ಜನೆಯನ್ನು ಶಾಂಘೈ 1991ರಷ್ಟು ಹಿಂದೆಯೇ ಆರಂಭಿಸಿತು. ಉತ್ತರ ಸಿಗದೆ ಉಳಿದಿರುವುದು ಮಾತಿನ ಪ್ರಶ್ನೆ. ವಿಧಿಯ ರೂಪ ಬದಲಾದುದನ್ನು ದಾಖಲಿಸುವ ಅಧ್ಯಯನಗಳು ನಮ್ಮಲ್ಲಿ ಸಾಕಷ್ಟಿವೆ. ಚರಮನುಡಿಯ ಪಠ್ಯವನ್ನು, ಅದರಲ್ಲಿ ಉಳಿದ ಮತ್ತು ಬಿಟ್ಟುಹೋದ ಮಾತುಗಳನ್ನು ಸಾಹಿತ್ಯವಿಮರ್ಶೆಯ ಎಚ್ಚರದಿಂದ ಓದುವ ಕೆಲಸ ಇನ್ನು ಮುಂದೆ ಆಗಬೇಕಾಗಿದೆ. ಬಾಬಾವೋಷಾನ್‌ನ ಕರಂಡದಲ್ಲಿರುವ ಕನ್ನಡಕ ಮತ್ತು ಲೇಖನಿಗಳು ಅಂಥ ಓದಿಗೆ ಆರಂಭದ ನೆಲೆಯಾಗಬಲ್ಲವು.